ಮುಳ್ಳು ಏಳುವ ಮೊದಲೇ ಕೂಗುವ ಬಜರ್

ಮಡಿಕೇರಿ, ಸೋಮವಾರಪೇಟೆ ಕಡೆಯ ಕಾಫಿ ತೋಟಗಳಲ್ಲಿ ಕೆರೆ ತೆಗೆಯುವುದು, ತೋಟಕ್ಕೆ ರಸ್ತೆ ಮಾಡುವುದು, ಮಳೆಗಾಲದಲ್ಲಿ ಜರಿದ ಮಣ್ಣು ಎತ್ತುವುದು ನಮ್ಮ ಎಕ್ಸ್‌ಕವೇಟರ್ ಕೆಲಸ. ಗಾಡಿ ಹಳೆಯದು, ಕಂಪ್ಯೂಟರ್ ಇಲ್ಲದ ಎಂಜಿನ್. ಬಿಸಿ ತೋರಿಸಲು ಇದ್ದದ್ದು ಒಂದು ಮುಳ್ಳು ಮಾತ್ರ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದಾಗ ಗಾಡಿಗಳಿಗೆ ಎಂಥ ಕೆಲಸ ಬಿತ್ತು ಅಂತ ಇಲ್ಲಿನವರಿಗೆಲ್ಲ ಗೊತ್ತು. ಜರಿಯುವ ಮಣ್ಣಿನ ಕೆಳಗೆ ಎಂಜಿನ್ ಬಿಸಿಗೆ ಸೀಜ್ ಆಗಿ (ಒಳಗೇ ಬಿಗಿದುಕೊಂಡು) ನಿಂತರೆ ನಷ್ಟ ದುಡ್ಡಿನದು ಮಾತ್ರ ಅಲ್ಲ, ಒಳಗೆ ಕೂತವನ ಜೀವವೂ ಇದೆ. ಅದಕ್ಕೇ ಕೂಲೆಂಟ್, ಅಂದರೆ ಎಂಜಿನ್ ತಣಿಸಲು ಒಳಗೆ ಸುತ್ತುವ ದ್ರವ, ಹರಿಯುತ್ತಿದೆಯೋ ಇಲ್ಲವೋ ಎಂದು ಕಾಯುವ ಫ್ಲೋ ಸ್ವಿಚ್ ಒಂದನ್ನು ನಾನೇ ಕೂರಿಸಿದೆ.

ಮುಳ್ಳು ಇರುವಾಗ ಇದು ಯಾಕೆ? ಬಿಸಿ ಅಳೆಯುವ ಸೆನ್ಸರ್ ಸಾಮಾನ್ಯವಾಗಿ ಥರ್ಮೋಸ್ಟಾಟ್ (ಬಿಸಿಯಾದಾಗ ರೇಡಿಯೇಟರಿಗೆ ದಾರಿ ತೆರೆಯುವ ವಾಲ್ವ್) ಹತ್ತಿರ ಇರುತ್ತದೆ. ಕೂಲೆಂಟ್ ಹರಿದು ಬಂದು ಮುಟ್ಟಿದರೆ ಮಾತ್ರ ಅದಕ್ಕೆ ಸುದ್ದಿ ಗೊತ್ತಾಗುವುದು. ಕೂಲೆಂಟ್ ತಳ್ಳುವ ಪಂಪ್ ನಿಂತರೆ ಎಂಜಿನ್ನಿನ ಮೇಲ್ಭಾಗದ ಹೆಡ್ಡಿನೊಳಗೆ, ಎಕ್ಸಾಸ್ಟ್ ವಾಲ್ವ್ ಸುತ್ತ ಕೂಲೆಂಟ್ ಕುದಿಯುತ್ತಿರುತ್ತದೆ, ಸೆನ್ಸರ್ ಹತ್ತಿರ ಇನ್ನೂ ಹಳೆಯ ಬಿಸಿಯೇ ಇರುತ್ತದೆ. ಕೂಲೆಂಟ್ ಸೋರಿ ಮಟ್ಟ ಇಳಿದರೆ ಇನ್ನೂ ಕಷ್ಟ. ಸೆನ್ಸರ್ ಆವಿಯಲ್ಲಿ ನಿಂತು ಕಡಿಮೆ ಬಿಸಿ ತೋರಿಸುತ್ತದೆ. ಮುಳ್ಳು ಹಸಿರಿನಲ್ಲೇ ಇರುವಾಗ ಹೆಡ್ ಬೆಂಡ್ ಆಗುವುದು ಹೀಗೆ. ಫ್ಯಾನ್ ಬೆಲ್ಟ್ ತುಂಡಾದರೆ ಚಾರ್ಜಿಂಗ್ ಲೈಟಾದರೂ ಹತ್ತುತ್ತದೆ. ಪಂಪಿನ ರೆಕ್ಕೆ ಸವೆದರೆ ಯಾವ ಲೈಟೂ ಹತ್ತುವುದಿಲ್ಲ.

ನಮ್ಮ ಎತ್ತರವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಡಿಕೇರಿಯಲ್ಲಿ ಬರೀ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ತೋಡಿನ ನೀರು ತುಂಬಿಸಿ, ರೇಡಿಯೇಟರ್ ಮುಚ್ಚಳದ ರಬ್ಬರ್ ಹೋಗಿದ್ದರೂ ಹಾಗೇ ಓಡಿಸುವ ಗಾಡಿಗಳಲ್ಲಿ ಪಂಪಿನ ಬಾಯಲ್ಲೇ ಆವಿಗುಳ್ಳೆ ಏಳುತ್ತದೆ. ಗುಳ್ಳೆ ಸೇರಿದ ಪಂಪ್ ನೀರು ತಳ್ಳುವುದಿಲ್ಲ.

ಸ್ವಿಚ್ ಆರಿಸುವುದು ಅಷ್ಟು ಕಷ್ಟವಾಗಲಿಲ್ಲ. ಪ್ರೆಶರ್ ಸ್ವಿಚ್ ಹಾಕು ಅಂದವರಿದ್ದರು. ಆದರೆ ಮುಂದೆ ಎಲ್ಲೋ ಕಟ್ಟಿಕೊಂಡರೂ ಪ್ರೆಶರ್ ಇದ್ದೇ ಇರುತ್ತದೆ ಅಲ್ವಾ? ನನಗೆ ಬೇಕಾದದ್ದು ಹರಿವು. ಹಾಗಾಗಿ ಕೂಲೆಂಟ್ ತಳ್ಳಿದಾಗ ಬಾಗುವ ಪ್ಯಾಡಲ್ ಇರುವ ಸ್ವಿಚ್ ತಂದೆ. ಇದರೊಳಗೆ ಮ್ಯಾಗ್ನೆಟ್ ಇರುವುದರಿಂದ ತುಕ್ಕಿನ ಪುಡಿ ಅಂಟಿ ಪ್ಯಾಡಲ್ ಹಿಡಿದುಕೊಳ್ಳಬಹುದು. ಅದಕ್ಕೆ ಮೊದಲು ಎಂಜಿನ್ ಪೂರ್ತಿ ಫ್ಲಶ್ ಮಾಡಿ, ಅರ್ಧ ಡಿಸ್ಟಿಲ್ಡ್ ವಾಟರ್, ಅರ್ಧ ಕೂಲೆಂಟ್ ತುಂಬಿಸಿದೆ.

ತಲೆ ಕೆಡಿಸಿಕೊಂಡದ್ದು ಎಲ್ಲಿ ಕೂರಿಸುವುದು ಅಂತ. ರೇಡಿಯೇಟರಿನ ಮೇಲಿನ ಹೋಸ್ ಕೈಗೆ ಸುಲಭವಾಗಿ ಸಿಗುತ್ತದೆ. ಆದರೆ ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಥರ್ಮೋಸ್ಟಾಟ್ ಮುಚ್ಚಿರುತ್ತದೆ. ಅದು 82 ಡಿಗ್ರಿ ಆಸುಪಾಸಿನಲ್ಲಿ ತೆರೆಯುವವರೆಗೆ ಅಲ್ಲಿ ಹರಿವೇ ಇಲ್ಲ. ಬಜರ್ ಸುಮ್ನೆ ಕೂಗುತ್ತಲೇ ಇರುತ್ತದೆ. ದಿನಾ ಹೀಗಾದರೆ ಆಪರೇಟರ್ ವೈರ್ ಕಿತ್ತು ಹಾಕುತ್ತಾನೆ, ಅವನ ತಪ್ಪೂ ಅಲ್ಲ. ರೇಡಿಯೇಟರಿಗೆ ಹೋಗದೆ ಕೂಲೆಂಟ್ ಪಂಪಿಗೆ ವಾಪಸ್ ಬರುವ ಬೈಪಾಸ್ ಪೈಪಿನಲ್ಲಿ ಇದರ ಉಲ್ಟಾ. ಎಂಜಿನ್ ಬಿಸಿಯಾದ ಮೇಲೆ ಥರ್ಮೋಸ್ಟಾಟ್ ಆ ದಾರಿಯನ್ನೇ ಮುಚ್ಚಬಹುದು. ನಮ್ಮ ಗಾಡಿಯಲ್ಲಿ ಪಂಪಿನಿಂದ ಆಯಿಲ್ ಕೂಲರ್‌ಗೆ ಹೋಗುವ ಪೈಪ್ ಹೊರಗಡೆಯೇ ಇದೆ. ತಣ್ಣಗಿರಲಿ, ಬಿಸಿಯಿರಲಿ, ಅದರಲ್ಲಿ ಹರಿವು ಇರಲೇಬೇಕು. ಸ್ವಿಚ್ಚಿನ ಮೇಲಿರುವ ಬಾಣದ ಗುರುತು ಹರಿವಿನ ದಿಕ್ಕಿಗೆ ಬರುವಂತೆ ಅಲ್ಲೇ ಕೂರಿಸಿದೆ.

ವೈರಿಂಗ್‌ನಲ್ಲಿ ಒಂದೇ ಹಟ ನನ್ನದು: ವೈರ್ ತುಂಡಾದರೂ ಬಜರ್ ಕೂಗಬೇಕು. ಹರಿವು ಇರುವವರೆಗೆ ಸ್ವಿಚ್ 24 ವೋಲ್ಟ್ ರಿಲೇಯನ್ನು (ಕರೆಂಟಿನಿಂದ ನಡೆಯುವ ಸ್ವಿಚ್) ಹಿಡಿದಿರುತ್ತದೆ. ಹರಿವು ನಿಂತರೆ ಅಥವಾ ವೈರನ್ನು ಇಲಿ ಕಡಿದರೆ ರಿಲೇ ಬಿಡುತ್ತದೆ, ಬಜರ್ ಕೂಗುತ್ತದೆ, ಕೆಂಪು ಲೈಟ್ ಹತ್ತುತ್ತದೆ. ಒಂದೆರಡು ಗುಳ್ಳೆಗೆಲ್ಲ ಕೂಗದಂತೆ 5 ಸೆಕೆಂಡಿನ ಟೈಮರ್ ಇಟ್ಟೆ. ಕೀ ಆನ್ ಮಾಡಿ ಸ್ಟಾರ್ಟ್ ಮಾಡುವ ಮೊದಲು ಸ್ವಲ್ಪ ಕಾದರೆ ಬಜರ್ ಕೂಗುತ್ತದೆ. ಅದನ್ನು ಬೇಕೆಂದೇ ಹಾಗೆ ಬಿಟ್ಟಿದ್ದೇನೆ. ಬೆಳಗ್ಗೆ ಬಜರ್ ಕೂಗದಿದ್ದರೆ ಅವತ್ತು ಮೊದಲು ಅದನ್ನು ನೋಡಬೇಕು.

ಒಂದು ಬೇಸಿಗೆಯಲ್ಲಿ ಮಾದಾಪುರದ ಹತ್ತಿರ ಕೆರೆ ತೆಗೆಯುವಾಗ ಆಪರೇಟರ್ ಫೋನ್ ಮಾಡಿದ. "ಅಣ್ಣಾ, ಮುಳ್ಳು ಸರಿಯಾಗೇ ಇದೆ. ರೇಸ್ ಮಾಡಿದ್ರೆ ಬಜರ್ ಕೂಗ್ತದೆ, ಸ್ಲೋ ಮಾಡಿದ್ರೆ ನಿಲ್ತದೆ. ಆಫ್ ಮಾಡಿದ್ದೇನೆ" ಎಂದ. ಹೋಗಿ ನೋಡಿದರೆ ಕೂಲೆಂಟ್ ಮಟ್ಟ ಸರಿ, ಬೆಲ್ಟ್ ಬಿಗಿ, ಸೋರಿಕೆ ಇಲ್ಲ. ಬಾನೆಟ್ ತೆಗೆದು, ಕೈ ದೂರ ಇಟ್ಟುಕೊಂಡು, ರೇಡಿಯೇಟರಿನಿಂದ ಪಂಪಿಗೆ ಬರುವ ಕೆಳಗಿನ ಹೋಸ್ ಕಡೆ ಟಾರ್ಚ್ ಬಿಟ್ಟು, ಒಂದು ಕ್ಷಣ ರೇಸ್ ಮಾಡಿಸಿದೆ. ಹೋಸ್ ಚಪ್ಪಟೆಯಾಗಿ ಒಳಗೆ ಹೋಯಿತು! ಅದರೊಳಗಿನ ಸ್ಪ್ರಿಂಗ್ ತುಕ್ಕು ತಿಂದು ಉದುರಿಹೋಗಿತ್ತು. ಪಂಪ್ ಜೋರಾಗಿ ಎಳೆದಾಗ ಹೋಸ್ ಮುಚ್ಚಿಕೊಳ್ಳುತ್ತಿತ್ತು. ನಿಂತ ಗಾಡಿಯಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಹೋಸ್ ಬದಲಾಯಿಸಿದೆವು, ಹೆಡ್ ಉಳಿಯಿತು. ಸಮಯಕ್ಕೆ ಆಫ್ ಮಾಡಿದ ಆ ಹುಡುಗನನ್ನು ಮನಸಾರೆ ಹೊಗಳಿದೆ.

ಆಪರೇಟರ್‌ಗಳಿಗೆ ನಾನು ಮತ್ತೆ ಮತ್ತೆ ಹೇಳುವುದು ಒಂದಿದೆ. ಬರೀ ಮುಳ್ಳು ಏರಿ, ಬಜರ್ ಸುಮ್ಮನಿದ್ದರೆ ಲೋಡ್ ಬಿಟ್ಟು ಸ್ಲೋದಲ್ಲಿ ಓಡಿಸಿ. ಹರಿಯುತ್ತಿರುವ ಕೂಲೆಂಟ್ ಬಿಸಿಯನ್ನು ಹೊರಗೆ ತರುತ್ತದೆ. ಹೆಚ್ಚಾಗಿ ಅದು ರೇಡಿಯೇಟರ್ ಜಾಲಿಗೆ ಸಿಲ್ವರ್ ಓಕ್ ಎಲೆ, ಧೂಳು ಮೆತ್ತಿದ್ದರಿಂದ ಆಗಿರುತ್ತದೆ. ಆದರೆ ಫ್ಲೋ ಬಜರ್ ಕೂಗಿ ನಿಲ್ಲದಿದ್ದರೆ ಸ್ಲೋದಲ್ಲಿ ಓಡಿಸಿ ಲಾಭವಿಲ್ಲ. ಬಕೆಟ್ ನೆಲಕ್ಕಿಟ್ಟು ತಕ್ಷಣ ಆಫ್ ಮಾಡಿ. ಎರಡರಲ್ಲೂ ಎಂಜಿನ್ ತಣಿಯುವವರೆಗೆ ಮುಚ್ಚಳ ಮುಟ್ಟಬೇಡಿ.

ನಮ್ಮ ಮಳೆಗೆ ಕನೆಕ್ಟರ್‌ಗಳು ಬೇಗ ಹಸಿರುಗಟ್ಟುತ್ತವೆ. ಜೂನ್‌ಗೆ ಮೊದಲು ಬಿಚ್ಚಿ, ಒರೆಸಿ, ಗ್ರೀಸ್ ಹಾಕಿ ಮುಚ್ಚುತ್ತೇನೆ. ಮಳೆ ಮುಗಿದ ಮೇಲೆ ಸ್ವಿಚ್ಚಿನ ವೈರ್ ಕಳಚಿ, ಬಜರ್ ಕೂಗುತ್ತದಾ ಅಂತ ನೋಡಿಯೇ ಗಾಡಿಯನ್ನು ತೋಟಕ್ಕೆ ಕಳಿಸುವುದು.