ಅರಿಶಿನ: ಒಗ್ಗರಣೆಯ ಅಳತೆ, ಗುಳಿಗೆಯ ಎಚ್ಚರ

ದಾವಣಗೆರೆಯ ಒಗ್ಗರಣೆ ಮಂಡಕ್ಕಿಗೆ ಹಳದಿ ಬಣ್ಣ ಬರುವುದು ಅರಿಶಿನದಿಂದ. ನಾಲ್ವರಿಗೆ ಮಾಡುವಾಗ ಕಾಲು ಚಹಾ ಚಮಚ ಪುಡಿ ಸಾಕು. ಅದರ ಸತ್ವವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗದೆ ಎಣ್ಣೆಯಲ್ಲಿ ಕರಗುವುದರಿಂದ, ಈರುಳ್ಳಿ, ಹಸಿಮೆಣಸಿನಕಾಯಿ ಬಾಡಿದ ಮೇಲೆ ಉರಿ ತಗ್ಗಿಸಿ ಎಣ್ಣೆಗೇ ಹಾಕಬೇಕು, ಸೀದರೆ ಕಹಿಯಾಗುತ್ತದೆ. ಒಂದು ಚಮಚ, ಅಂದರೆ ಸುಮಾರು 3 ಗ್ರಾಂ ಪುಡಿಯಲ್ಲಿ ಒಂದೂವರೆ ಮಿಲಿಗ್ರಾಂನಷ್ಟು ಕಬ್ಬಿಣವಿದ್ದರೂ, ನಾವು ಬಳಸುವುದು ಚಿಟಿಕೆಯಷ್ಟಾದ್ದರಿಂದ ಅದನ್ನು ಪೋಷಣೆಯ ಲೆಕ್ಕಕ್ಕೆ ಹಿಡಿಯುವಂತಿಲ್ಲ.

ನಿಜವಾದ ಅಪಾಯ ಕಲಬೆರಕೆಯದು. ಕೊಂಬಿಗೆ ಹೊಳಪು ಬರಲೆಂದು ಬಳಿಯುವ ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣ ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕವಾಗಿದ್ದು, ಎಷ್ಟು ಕುದಿಸಿದರೂ ಆ ಸೀಸ ಹೋಗುವುದಿಲ್ಲ. ಆದ್ದರಿಂದ ಕಣ್ಣು ಕುಕ್ಕುವ ಹಳದಿಯ ಕೊಂಬನ್ನು ಬಿಟ್ಟು, ಮಾಸಲು ಬಣ್ಣದ್ದನ್ನು ಆರಿಸಿ, ಒಂದನ್ನು ನೀರಿನಲ್ಲಿ ಹಾಕಿ ನೋಡಿ. ಕೂಡಲೇ ಗಾಢ ಬಣ್ಣ ಬಿಟ್ಟರೆ ಅದು ಬೇಡ. ಪುಡಿಯನ್ನಾದರೆ ಒಂದು ಚಮಚದಷ್ಟು ಲೋಟದ ನೀರಿಗೆ ಉದುರಿಸಿ ಕಲಕದೆ ಬಿಡಿ. ಶುದ್ಧವಾದದ್ದು ತಿಳಿಹಳದಿ ಬಿಟ್ಟು ತಳ ಸೇರುತ್ತದೆ, ಬಣ್ಣ ಬೆರೆಸಿದ್ದು ನೀರನ್ನೆಲ್ಲ ಗಾಢ ಹಳದಿ ಮಾಡುತ್ತದೆ. ಇದು ಮನೆಮಟ್ಟದ ಪರೀಕ್ಷೆಯಷ್ಟೇ. ಸೀಸದ ಪ್ರಮಾಣ ಪ್ರಯೋಗಾಲಯದಲ್ಲೇ ತಿಳಿಯಬೇಕು. ಗಿರಣಿಗೆ ಒಯ್ಯುವುದಾದರೆ ಖಾರದ ಪುಡಿ ಬೀಸಿದ ಕೂಡಲೇ ಹಾಕಿಸಬೇಡಿ. ಪೂಜೆಗೆಂದು ಮಾರುವ ಅರಿಶಿನ ತಿನ್ನುವುದಕ್ಕಲ್ಲ; ಎರಡೂ ಪೊಟ್ಟಣ ಒಂದೇ ಡಬ್ಬಿಗೆ ಸೇರುವ ನಮ್ಮ ಮನೆಗಳಲ್ಲಿ ಇದನ್ನು ಒತ್ತಿ ಹೇಳಲೇಬೇಕು.

ಕರ್ಕ್ಯುಮಿನ್ ತುಂಬಿ ಮಾರುವ ಗುಳಿಗೆಯ ಮಾತೇ ಬೇರೆ. ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಶೇಕಡಾ 3ರ ಆಸುಪಾಸಿನಲ್ಲಿ. ಆಹಾರ ಸೇರ್ಪಡೆಗಳ ಅಂತರರಾಷ್ಟ್ರೀಯ ತಜ್ಞ ಸಮಿತಿಯು ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 3 ಮಿಲಿಗ್ರಾಂ ಮಿತಿ ಇಟ್ಟಿದೆ. 60 ಕಿಲೋ ತೂಕದವರಿಗೆ ಅದು 180 ಮಿಲಿಗ್ರಾಂ, ಅಂದರೆ ಸುಮಾರು ಎರಡು ಚಮಚ ಪುಡಿ. 500 ಮಿಲಿಗ್ರಾಂ ಕರ್ಕ್ಯುಮಿನ್ ಇರುವ ಒಂದೇ ಗುಳಿಗೆ ಅದನ್ನು ದಾಟುತ್ತದೆ. ಕರಿಮೆಣಸಿನ ಖಾರದ ಅಂಶವಾದ ಪೈಪರೀನ್ ಬೆರೆತರೆ ಕರ್ಕ್ಯುಮಿನ್ ರಕ್ತಕ್ಕೆ ಹಲವು ಪಟ್ಟು ಹೆಚ್ಚು ಸೇರುತ್ತದೆಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ತೋರಿಸಿದ್ದರು. ಸಾರಿನ ಮೆಣಸಿಗೆ ಹೆದರಬೇಕಿಲ್ಲ. ಆದರೆ ಪೈಪರೀನ್ ಬೆರೆಸಿದ ಗುಳಿಗೆಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ದಾಖಲಾಗಿವೆ. ಪಿತ್ತಕೋಶದಲ್ಲಿ ಕಲ್ಲಿರುವವರು, ವಾರ್ಫರಿನ್‌ನಂಥ ರಕ್ತ ತೆಳುಗೊಳಿಸುವ ಮಾತ್ರೆ ನುಂಗುವವರು ವೈದ್ಯರಿಗೆ ತಿಳಿಸದೆ ಕರ್ಕ್ಯುಮಿನ್ ಗುಳಿಗೆಯನ್ನು ಶುರುಮಾಡಬಾರದು. ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದರೆ ಸೇವಿಸುತ್ತಿರುವ ಗುಳಿಗೆಯ ಸೀಸೆಯನ್ನೇ ಒಯ್ದು ತೋರಿಸುವುದು ಒಳ್ಳೆಯದು.