ದಾವಣಗೆರೆಯವಳು ಮ್ಯಾಂಚೆಸ್ಟರಿಗೆ ಹೋದದ್ದು

'ಕರ್ನಾಟಕದ ಮ್ಯಾಂಚೆಸ್ಟರ್ ಯಾವುದು?' ಅಂದರೆ 'ನಮ್ಮೂರು' ಅಂತ ಕೈ ಎತ್ತಿ ಬೆಳೆದವಳು ನಾನು. ಲಂಡನ್ನಿಗೆ ಬಂದು ನಾಲ್ಕು ವರ್ಷವಾದರೂ ಅಸಲಿ ಮ್ಯಾಂಚೆಸ್ಟರಿನ ಕಡೆ ತಲೆ ಹಾಕಿರಲಿಲ್ಲ. ಕಳೆದ ಮಾರ್ಚಿನಲ್ಲಿ ಒಂದು ಶನಿವಾರ, ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು, ಡಬ್ಬಿ ತುಂಬ ಒಗ್ಗರಣೆ ಮಂಡಕ್ಕಿ ಕಟ್ಟಿಕೊಂಡು ಹೊರಟೆ.

ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ. ಟಿಕೆಟ್ಟನ್ನು ಆರು ವಾರ ಮೊದಲೇ ತೆಗೆದು ಅಗ್ಗವಾಯಿತೆಂದು ಬೀಗಿದ್ದೆ. ಆದರೆ ಆ ವಾರಾಂತ್ಯವೇ ಫುಟ್‌ಬಾಲ್ ಪಂದ್ಯ. ಉಳಿಸಿದ ದುಡ್ಡೆಲ್ಲ ಹೋಟೆಲ್ ರೂಮಿಗೆ ಹೋಯಿತು. ನೀವು ಹೋಗುವುದಾದರೆ ಮೊದಲು ಪಂದ್ಯದ ಪಟ್ಟಿ ನೋಡಿ.

ಇಳಿದ ಕೂಡಲೇ ಮಳೆ. ಕೊಡೆ ಅರ್ಧ ದಿನಕ್ಕೇ ಮುರಿಯಿತು. ಇದೇ ತೇವದ ಗಾಳಿಯಲ್ಲಿ ಹತ್ತಿಯ ನೂಲು ಬೇಗ ತುಂಡಾಗುವುದಿಲ್ಲವಂತೆ, ಇಲ್ಲಿ ಗಿರಣಿಗಳು ಬೆಳೆಯಲು ಅದೂ ಒಂದು ಕಾರಣ. ಒದ್ದೆ ಕಾಲುಚೀಲದಲ್ಲಿ ನಿಂತು ಇದನ್ನು ಮೆಚ್ಚುವುದು ಸ್ವಲ್ಪ ಕಷ್ಟವೇ.

ಪುರಭವನ ದುರಸ್ತಿಯಲ್ಲಿತ್ತು, ಹೊರಗಿನಿಂದಲೇ ಕೈಮುಗಿದೆವು. ರಾಯಲ್ ಎಕ್ಸ್‌ಚೇಂಜ್ ಕಟ್ಟಡ ಮಾತ್ರ ಬಿಡಬೇಡಿ. ಒಂದು ಕಾಲಕ್ಕೆ ಹತ್ತಿ ವ್ಯಾಪಾರದ ಪಡಸಾಲೆ, ಈಗ ನಾಟಕಶಾಲೆ. 1968ರಲ್ಲಿ ವ್ಯಾಪಾರ ನಿಂತ ದಿನದ ದರಗಳು ಗೋಡೆಯ ಮೇಲೆ ಎತ್ತರದ ಹಲಗೆಯಲ್ಲಿ ಇವತ್ತಿಗೂ ಹಾಗೇ ಇವೆ. ನಮ್ಮ ಎಪಿಎಂಸಿಯಲ್ಲಿ ಕೊನೇ ಹರಾಜಿನ ಬೋರ್ಡನ್ನು ಯಾರಾದರೂ ಇಟ್ಟುಕೊಳ್ಳುತ್ತಾರೆಯೇ?

ಅಲ್ಲಿಂದ ಲಿಂಕನ್ ಚೌಕ ದೂರವೇನಿಲ್ಲ. ಅಬ್ರಹಾಂ ಲಿಂಕನ್ನಿಗೆ ಇಲ್ಲೇನು ಕೆಲಸ ಅಂತ ಮಗಳು ಕೇಳಿದಳು. ಅಮೆರಿಕದ ಅಂತರ್ಯುದ್ಧದಲ್ಲಿ ಅಲ್ಲಿನ ಹತ್ತಿ ಬರುವುದು ನಿಂತು ಇಲ್ಲಿನ ಕೂಲಿಕಾರರು ಹಸಿವಿನಿಂದ ನರಳಿದರು. ಆದರೂ ಗುಲಾಮಗಿರಿಯ ವಿರುದ್ಧ ನಿಂತರೆಂದು 1863ರಲ್ಲಿ ಲಿಂಕನ್ ಈ ಕೂಲಿಕಾರರಿಗೆ ಬರೆದ ಪತ್ರದ ಸಾಲುಗಳನ್ನು ಪ್ರತಿಮೆಯ ಪೀಠದಲ್ಲಿ ಕೆತ್ತಿದ್ದಾರೆ. ಗಿರಣಿ ಮಾಲೀಕರ ಕಣ್ಣು ಆಗ ಧಾರವಾಡದ ಹತ್ತಿಯ ಮೇಲೂ ಬಿದ್ದಿತ್ತು. ಆ ಹತ್ತಿ ಕಾರವಾರದಲ್ಲೇ ಹಡಗು ಹತ್ತಲಿ ಎಂದು ಇಲ್ಲಿನವರು ಪಟ್ಟು ಹಿಡಿದಿದ್ದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಈ ಒತ್ತಡವೂ ಇತ್ತು. ನಮ್ಮ ನಕ್ಷೆಯ ಒಂದು ಗೆರೆ ಈ ಊರಿನವರ ಅವಸರಕ್ಕೆ ಸರಿಯಿತು ಅನ್ನಿ.

ಭಾನುವಾರ ಪೂರ್ತಿ ವಿಜ್ಞಾನ ಮತ್ತು ಕೈಗಾರಿಕಾ ವಸ್ತುಸಂಗ್ರಹಾಲಯಕ್ಕೆ. ಅದರ ಆವರಣದಲ್ಲೇ 1830ರ ಲಿವರ್‌ಪೂಲ್ ರೋಡ್ ನಿಲ್ದಾಣವಿದೆ. ಉಳಿದಿರುವ ಪ್ರಯಾಣಿಕ ರೈಲು ನಿಲ್ದಾಣಗಳಲ್ಲಿ ಜಗತ್ತಿಗೇ ಹಳೆಯದು. ಮಗಳಿಗೆ ಅದು ಹಿಡಿಸಿತು, ನನಗೆ ಜವಳಿ ವಿಭಾಗ. ಯಂತ್ರ ಓಡಿಸಿ ತೋರಿಸುವ ಹೊತ್ತನ್ನು ಒಳಗೆ ಕಾಲಿಟ್ಟ ಕೂಡಲೇ ಕೇಳಿಟ್ಟುಕೊಂಡಿದ್ದೆ. ಅದೊಂದು ಒಳ್ಳೆಯ ಕೆಲಸ ಮಾಡಿದೆ.

ಗಾಜಿನೊಳಗಿನ ಬೊಂಬೆಯಂತೆ ಸುಮ್ಮನೆ ನಿಂತಿದ್ದ ಮಗ್ಗಕ್ಕೆ ಪಟ್ಟಿ ಬಿಗಿದು ಗುಂಡಿ ಒತ್ತಿದರು ನೋಡಿ, ನೆಲವೇ ನಡುಗಿತು. ಲಾಳಿ ಈ ಕಡೆಯಿಂದ ಆ ಕಡೆಗೆ ಹಾರುವುದು ಕಾಣಿಸಲೇ ಇಲ್ಲ, ತುದಿಗೆ ಬಡಿದ ಸದ್ದು ಮಾತ್ರ. ಮಗಳು ಕಿವಿ ಮುಚ್ಚಿಕೊಂಡಳು. ಒಂದೇ ಮಗ್ಗಕ್ಕೆ ಈ ಗತಿ, ನೂರಾರು ಒಟ್ಟಿಗೆ ಓಡಿದರೆ? ಹಾಗಾಗಿ ಇಲ್ಲಿನ ಹೆಣ್ಣುಮಕ್ಕಳು ಧ್ವನಿ ಬಿಟ್ಟು ತುಟಿ, ಮುಖ, ಕೈಗಳಲ್ಲೇ ಮಾತಾಡುತ್ತಿದ್ದರು. ಅದಕ್ಕೆ ಮೀ-ಮಾಯಿಂಗ್ ಅಂತ ಹೆಸರು.

ನಮ್ಮ ಅಜ್ಜ ಮಿಲ್ಲಿನಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದವರು. ಊಟಕ್ಕೆ ಕೂತಾಗ ಚಟ್ನಿ ಬೇಕಿದ್ದರೆ ಬಾಯಿ ಅಗಲಿಸಿ ಅಕ್ಷರಗಳನ್ನು ಅಗಿಯುವಂತೆ ಆಡುತ್ತಿದ್ದರು, ಸದ್ದೇ ಬರುತ್ತಿರಲಿಲ್ಲ. ಅಜ್ಜಿಗೆ ತಿಳಿಯುತ್ತಿತ್ತು. ನಾವು ಮಕ್ಕಳು ಹಿಂದೆ ನಿಂತು ಅಣಕಿಸುತ್ತಿದ್ದೆವು. ಕಿವಿ ಮಂದ, ಅದಕ್ಕೇ ಹೀಗೆ ಅಂದುಕೊಂಡಿದ್ದೆ. ಮಗ್ಗ ನಿಲ್ಲಿಸಿದ ಮೇಲೂ ನಾನು ಸುಮಾರು ಹೊತ್ತು ಅಲ್ಲೇ ನಿಂತಿದ್ದೆ. 'ಅಮ್ಮಾ, ಮುಗೀತು' ಅಂತ ಮಗಳು ಸೆರಗಿಲ್ಲದವಳ ಕೋಟು ಹಿಡಿದು ಎಳೆದಳು.

ವಾಪಸ್ ರೈಲಿನಲ್ಲಿ ಜೊತೆಗೆ ಸೀಟು ಸಿಗಲಿಲ್ಲ. ಆಚೆ ಸಾಲಿನಿಂದ ಅವಳು ಸದ್ದಿಲ್ಲದೆ ತುಟಿ ಮಾತ್ರ ಆಡಿಸಿದಳು. ನನಗೆ ತಿಳಿಯಲು ಮೂರು ಸಲ ಬೇಕಾಯಿತು: ಮಂಡಕ್ಕಿ ಇನ್ನೂ ಇದೆಯಾ?