ಒಗರು ಕರಗುವ ತನಕ: ಬೋರ್ಡೋ ಕೆಂಪು ವೈನ್ ಸವಿಯುವುದು, ಕಾಪಿಡುವುದು ಹೇಗೆ?

ನೇರಳೆ ಹಣ್ಣು ತಿಂದ ಮೇಲೆ ನಾಲಿಗೆ ದಪ್ಪಗಾಗಿ, ಒಸಡು ಹಿಡಿದಂತಾಗುತ್ತದೆ ಅಲ್ವಾ? ಆ ಒಗರು ಗೊತ್ತಿದ್ದವರಿಗೆ ಫ್ರಾನ್ಸಿನ ಬೋರ್ಡೋ ವೈನಿನ ಅರ್ಧ ಪಾಠ ಆಗಿಯೇ ಇದೆ. ವೈನಿನವರು ಟ್ಯಾನಿನ್ ಎನ್ನುವುದರ ರುಚಿ ಇದೇ. ದ್ರಾಕ್ಷಿಯ ಸಿಪ್ಪೆಯಿಂದ, ಬೀಜದಿಂದ, ಸ್ವಲ್ಪ ಓಕ್ ಮರದ ಪೀಪಾಯಿಯಿಂದ ಅದು ಬರುತ್ತದೆ. ವೈನ್ ಹದಕ್ಕೆ ಬರುವುದು ಎಂದರೆ ಮುಖ್ಯವಾಗಿ ಈ ಒಗರು ಮೆತ್ತಗಾಗುವುದು.

ಮೂರು ಬಾಟಲಿ ಕೊಳ್ಳಿ

ಹಳೆಯದಾದಷ್ಟೂ ರುಚಿ ಎಂಬ ಮಾತು ಎಲ್ಲ ವೈನಿಗೂ ಸಲ್ಲದು. ಅಂಗಡಿಯಲ್ಲಿರುವ ಬಹುಪಾಲು ವೈನ್ ಕೆಲವೇ ವರ್ಷಗಳಲ್ಲಿ ಕುಡಿಯಲೆಂದೇ ಮಾಡಿದ್ದು. ಕಾಯುವ ವೈನ್ ಬೇಕಾದರೆ ಲೇಬಲ್ ಮೇಲೆ ಊರಿನ ಹೆಸರು ನೋಡಿ. ಜಿರೋಂದ್ ನದಿಯ ಎಡದಂಡೆಯ ಪೋಯಾಕ್, ಮಾರ್ಗೋದಲ್ಲಿ ಜಲ್ಲಿಕಲ್ಲಿನ ನೆಲ. ಅಲ್ಲಿ ಕ್ಯಾಬರ್ನೆ ಸೋವಿನ್ಯೋಂ ಎಂಬ ದ್ರಾಕ್ಷಿ ಜಾಸ್ತಿ. ಸಣ್ಣ ಹಣ್ಣು, ದಪ್ಪ ಸಿಪ್ಪೆ, ಹಾಗಾಗಿ ಒಗರೂ ಜಾಸ್ತಿ. ಬಲದಂಡೆಯ ಪೊಮೆರೋಲ್‌ನಲ್ಲಿ ಮೆರ್ಲೋ ದ್ರಾಕ್ಷಿಯದೇ ಮೇಲುಗೈ. ಅದು ಮೆದು, ಸಾಮಾನ್ಯವಾಗಿ ಬೇಗ ಹದಕ್ಕೆ ಬರುತ್ತದೆ.

1855ರಲ್ಲಿ ಪ್ಯಾರಿಸ್ ವಸ್ತುಪ್ರದರ್ಶನಕ್ಕಾಗಿ ದಲ್ಲಾಳಿಗಳು ಎಡದಂಡೆಯ ಹೆಸರಾಂತ ತೋಟಗಳನ್ನು ಐದು ದರ್ಜೆಗಳಲ್ಲಿ ಪಟ್ಟಿ ಮಾಡಿದರು. ಆ ಪಟ್ಟಿ ಇಂದಿಗೂ ನಡೆಯುತ್ತಿದೆ. ಮೊದಲ ದರ್ಜೆಯ ಬೆಲೆ ನಮ್ಮ ಕೈಗೆಟುಕುವಂಥದ್ದಲ್ಲ. ಐದನೇ ದರ್ಜೆಯದು ಸಾಕು, ಪಟ್ಟಿಯಲ್ಲಿ ಇಲ್ಲದ ಒಳ್ಳೆಯ ತೋಟದ್ದಾದರೂ ಆದೀತು. ದ್ರಾಕ್ಷಿ ಕೊಯ್ದ ವರ್ಷ ನೋಡುವುದಾದರೆ 2010, 2016 ಕಾಯುವುದಕ್ಕೆ ಒಳ್ಳೆಯವು. ಒಂದೇ ವೈನಿನ ಮೂರು ಬಾಟಲಿ ತೆಗೆದುಕೊಳ್ಳಿ. ಒಂದು ಈಗಲೇ, ಒಂದು ಐದು ವರ್ಷಕ್ಕೆ, ಇನ್ನೊಂದು ಹತ್ತು ವರ್ಷಕ್ಕೆ. ಬದಲಾವಣೆ ನಿಮ್ಮ ನಾಲಿಗೆಗೇ ತಿಳಿಯಬೇಕಾದರೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಮೊದಲನೆಯದನ್ನು ತೆರೆಯಿರಿ

ಕೆಂಪು ವೈನನ್ನು ಕೋಣೆಯ ಬಿಸಿಯಲ್ಲೇ ಕುಡಿಯಬೇಕು ಎನ್ನುತ್ತಾರೆ. ಅದು ಫ್ರಾನ್ಸಿನ ಹಳೆಯ ಮನೆಗಳ ತಣ್ಣನೆಯ ಕೋಣೆ, ನಮ್ಮ ಏಪ್ರಿಲ್ ತಿಂಗಳ ಹಾಲ್ ಅಲ್ಲ. 16ರಿಂದ 18 ಡಿಗ್ರಿ ಸರಿಯಾದ ಹದ. ಕುಡಿಯುವ ಮೊದಲು ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಎಳೆಯ ವೈನಾದರೆ ಒಂದೆರಡು ಗಂಟೆ ಮೊದಲೇ ಅಗಲ ಬಾಯಿಯ ಗಾಜಿನ ಹೂಜಿಗೆ ಸುರಿದು ಗಾಳಿಯಾಡಲು ಬಿಡಿ.

ಗ್ಲಾಸಿನ ಮೂರನೇ ಒಂದು ಪಾಲು ಮಾತ್ರ ತುಂಬಿ. ಬಿಳಿ ಕಾಗದದ ಮೇಲೆ ಓರೆಯಾಗಿ ಹಿಡಿದು ಅಂಚು ನೋಡಿ. ಎಳೆಯದು ನೇರಳೆ ಬಣ್ಣಕ್ಕಿರುತ್ತದೆ. ವಯಸ್ಸಾದಂತೆ ಅಂಚು ಹಳೆಯ ಹೆಂಚಿನ ಬಣ್ಣಕ್ಕೆ ತಿರುಗುತ್ತದೆ. ಅಲುಗಿಸದೆ ಒಮ್ಮೆ ಮೂಸಿ, ತಿರುಗಿಸಿ ಮತ್ತೊಮ್ಮೆ ಮೂಸಿ. ಕಪ್ಪು ಹಣ್ಣಿನ ವಾಸನೆ ಬರುತ್ತದೆ. ಅದರ ಹಿಂದೆಯೇ ಆಗಷ್ಟೇ ಚೂಪು ಮಾಡಿದ ಪೆನ್ಸಿಲ್‌ನ ವಾಸನೆ. ಪೋಯಾಕ್ ವೈನಿನ ಗುರುತೇ ಅದು. ಒದ್ದೆ ರಟ್ಟಿನ ವಾಸನೆ ಬಂದರೆ ಬಿರಡೆ ಕೆಟ್ಟಿದೆ ಎಂದೇ ಲೆಕ್ಕ.

ಗುಟುಕನ್ನು ತಕ್ಷಣ ನುಂಗಬೇಡಿ, ಬಾಯಿ ತುಂಬ ಆಡಿಸಿ. ನೀರೂರಿದರೆ ಅದು ಹುಳಿ. ಒಸಡು ಒಣಗಿದರೆ ಒಗರು. ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ, ಮನಸ್ಸಿನಲ್ಲೇ ಎಣಿಸಿ. ಒಗರು, ಹುಳಿ, ಹಣ್ಣು ಮೂರೂ ತುಂಬಿದ್ದು, ರುಚಿಯೂ ತುಂಬ ಹೊತ್ತು ನಿಂತರೆ ಆ ವೈನ್ ಕಾಯಬಲ್ಲದು. ಬರೀ ಒಗರಿದ್ದು ಹಣ್ಣಿಲ್ಲದಿದ್ದರೆ ಎಷ್ಟು ವರ್ಷ ಇಟ್ಟರೂ ಅಷ್ಟೆ. ಕಂಡದ್ದನ್ನು ನಿಮ್ಮದೇ ಮಾತಿನಲ್ಲಿ ಬರೆದಿಡಿ.

ಉಳಿದೆರಡನ್ನು ಮಲಗಿಸಿ

ಬಾಟಲಿ ಮಲಗಿರಲಿ, ಬಿರಡೆ ಒಣಗಬಾರದು. ಕತ್ತಲು ಬೇಕು, ಅಲುಗಾಟ ಬೇಡ. ಎಲ್ಲಕ್ಕಿಂತ ಮುಖ್ಯ ತಂಪು: 12ರಿಂದ 14 ಡಿಗ್ರಿ, ವರ್ಷವಿಡೀ ಒಂದೇ ಸಮ. ನಾನೊಮ್ಮೆ ಒಂದು ಪೋಯಾಕ್ ಬಾಟಲಿಯನ್ನು ಬೆಂಗಳೂರಿನ ಮನೆಯ ಅಟ್ಟದ ಮೇಲೆ ಎರಡು ಬೇಸಿಗೆ ಇಟ್ಟಿದ್ದೆ. ಹೊದಿಕೆ ಬಿಚ್ಚಿದಾಗ ಬಿರಡೆ ಚೂರು ಮೇಲೆದ್ದಿತ್ತು, ಸುತ್ತ ಅಂಟಂಟು. ಗ್ಲಾಸಿನಲ್ಲಿ ಬೇಯಿಸಿದ ಒಣದ್ರಾಕ್ಷಿಯ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಮನೆಯ ಫ್ರಿಜ್ ಕೂಡ ವರ್ಷಗಟ್ಟಲೆ ಇಡಲು ಆಗದು, ಅದು ತೀರಾ ತಣ್ಣಗೆ. ಹತ್ತು ವರ್ಷದ ಯೋಚನೆ ಇದ್ದರೆ ಸಣ್ಣದೊಂದು ವೈನ್ ಫ್ರಿಜ್ ಬೇಕೇ ಬೇಕು.

ಬಾಟಲಿಯೊಳಗೆ ಒಗರಿನ ಕಣಗಳು ಒಂದಕ್ಕೊಂದು, ಬಣ್ಣದ ಕಣಗಳಿಗೂ ಅಂಟಿಕೊಂಡು ದೊಡ್ಡದಾಗುತ್ತವೆ. ಕೊನೆಗೆ ಭಾರವಾಗಿ ಕೆಳಗೆ ಕೂರುತ್ತವೆ. ತಳದಲ್ಲಿ ಕಾಣುವ ಚರಟ ಅದೇ. ನಡುವೆ ಐದನೇ ವರ್ಷ ತೆರೆದಾಗ ವೈನ್ ಸಪ್ಪೆ ಎನಿಸಬಹುದು, ಘಮವೇ ಇಲ್ಲದಿರಬಹುದು. ಗಾಬರಿಯಾಗಬೇಡಿ. ಕೆಲವು ವೈನ್ ಹೀಗೆ ಕೆಲವು ವರ್ಷ ಮುಚ್ಚಿಕೊಂಡಿದ್ದು ಆಮೇಲೆ ತೆರೆದುಕೊಳ್ಳುತ್ತವೆ.

ಹತ್ತನೇ ವರ್ಷ

ಹಿಂದಿನ ದಿನವೇ ಬಾಟಲಿ ನಿಲ್ಲಿಸಿ, ಚರಟ ತಳಕ್ಕಿಳಿಯಲಿ. ಬಾಟಲಿಯ ಕತ್ತಿನ ಕೆಳಗೆ ಮೇಣದಬತ್ತಿ ಅಥವಾ ಮೊಬೈಲ್ ಬೆಳಕು ಇಟ್ಟುಕೊಂಡು, ಎಲ್ಲೂ ನಿಲ್ಲಿಸದೆ ನಿಧಾನವಾಗಿ ಹೂಜಿಗೆ ಬಗ್ಗಿಸಿ. ಕಪ್ಪು ಎಳೆ ಕತ್ತಿನ ಹತ್ತಿರ ಬಂದ ಕ್ಷಣ ನಿಲ್ಲಿಸಿ. ಗ್ಲಾಸಿಗೆ ಸುರಿದು ಮೂಸಿ. ಹಣ್ಣು ಈಗ ಹಿಂದೆ ಸರಿದಿರುತ್ತದೆ. ಚರ್ಮ, ತಂಬಾಕು, ಮಳೆಗಾಲದ ಕಾಡಿನ ತರಗೆಲೆ ವಾಸನೆ ಬರುತ್ತದೆ. ಮೊದಲ ದಿನ ಬರೆದಿಟ್ಟ ಚೀಟಿಯನ್ನು ಈಗ ಪಕ್ಕದಲ್ಲಿಟ್ಟುಕೊಂಡು ಸವಿಯಿರಿ. ಇದಕ್ಕಿಂತಲೂ ತುಂಬ ಹಳೆಯ ಬಾಟಲಿ ಸಿಕ್ಕರೆ ಮಾತ್ರ ಗಾಳಿಗೆ ಬಹಳ ಹೊತ್ತು ಬಿಡಬೇಡಿ, ಅದರ ಘಮ ಬೇಗ ಹಾರಿಹೋಗುತ್ತದೆ.